ಸತ್ಯಾಂಶ: ದಪ್ಪಗಿದ್ದರೆ ನೀರಲ್ಲಿ ಮುಳುಗುತ್ತಾರಾ?

"ದಪ್ಪ ಇರೋರು ನೀರಿಗಿಳಿದರೆ ಮುಳುಗ್ತಾರೆ. ಮೊದಲು ತೂಕ ಇಳಿಸಿ, ಆಮೇಲೆ ಈಜು ಕಲಿಯಿರಿ." ಹಾಸನದ ನಮ್ಮ ವಾಟ್ಸಾಪ್ ಗ್ರೂಪಿಗೆ ಈ ಮೆಸೇಜ್ ಮತ್ತೆ ಬಂದಿದೆ. ಟ್ರಯಥ್ಲಾನ್‌ಗೆ (ಈಜು, ಸೈಕಲ್, ಓಟ ಮೂರೂ ಇರುವ ಸ್ಪರ್ಧೆ) ತಯಾರಾಗುತ್ತಿದ್ದ ಗೆಳೆಯ ಇದನ್ನು ಓದಿ ಈಜುಕೊಳದ ಕಡೆ ತಲೆಯೇ ಹಾಕಲಿಲ್ಲ.

ಮೆಸೇಜ್ ತಪ್ಪು. ಒಂದು ಲೀಟರ್ ನೀರು ಸುಮಾರು 1 ಕೆಜಿ ತೂಗುತ್ತದೆ. ಅಷ್ಟೇ ಕೊಬ್ಬು ತೂಗುವುದು ಸುಮಾರು 900 ಗ್ರಾಂ. ಸಾರಿನ ಮೇಲೆ ಎಣ್ಣೆ ತೇಲುತ್ತಲ್ವಾ, ಹಾಗೇ. ನೀರಿಗಿಂತ ಭಾರ ಇರುವುದು ಸ್ನಾಯು.

ಮತ್ತೆ ಮುಳುಗಿದ ಹಾಗೆ ಅನ್ನಿಸುವುದು ಯಾಕೆ? ಭಯಕ್ಕೆ ತಲೆ ಎತ್ತುತ್ತೇವೆ. ತಲೆ ಎದ್ದರೆ ಸೊಂಟ, ಕಾಲು ಕೆಳಗಿಳಿಯುತ್ತವೆ. ಉಸಿರನ್ನೂ ಬಿಗಿ ಹಿಡಿದಿರುತ್ತೇವೆ. ಮುಖ ನೀರಲ್ಲಿಟ್ಟು ಗುಳುಗುಳು ಅಂತ ಗುಳ್ಳೆ ಬಿಡುವುದನ್ನು ಮೊದಲು ಕಲಿಯಬೇಕು. ಕೊನೆಗೂ ಕೊಳಕ್ಕೆ ಬಂದ ಗೆಳೆಯ ಅಂಚು ಹಿಡಿದು ಒಂದು ವಾರ ಇಷ್ಟೇ ಮಾಡಿದ. ಪಕ್ಕದಲ್ಲಿದ್ದ ಮಕ್ಕಳು ನಕ್ಕವು. ನಗಲಿ ಬಿಡಿ.

ತೇಲುತ್ತೇವೆ ಅಂತ ಸುಮ್ನೆ ಹೇಮಾವತಿ ಹಿನ್ನೀರಿಗೆ ಒಬ್ಬರೇ ಇಳಿಯಬೇಡಿ. ತೇಲುವುದೇ ಬೇರೆ, ಈಜು ಬರುವುದೇ ಬೇರೆ. ಬಿಪಿ, ಹೃದಯದ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಇನ್ನು ತೂಕ. ಈಜಿದರೂ ಕೆಲವು ವಾರ ಮುಳ್ಳು ಕದಲದೇ ಇರಬಹುದು. ತಣ್ಣೀರಿಂದ ಎದ್ದಮೇಲೆ ಹಸಿವು ಜಾಸ್ತಿ. ಎರಡು ಮಸಾಲೆ ದೋಸೆ ಹೊಡೆದರೆ ಲೆಕ್ಕ ಸಮ! ಅದಕ್ಕೇ ಕಿಲೋ ಎಣಿಸುವ ಬದಲು ಸುತ್ತು ಎಣಿಸುವುದು ಒಳ್ಳೆಯದು. ಸ್ಪ್ರಿಂಟ್ ಟ್ರಯಥ್ಲಾನ್‌ನಲ್ಲಿ, ಅಂದರೆ ಕಡಿಮೆ ದೂರದ ಟ್ರಯಥ್ಲಾನ್‌ನಲ್ಲಿ, ಈಜು 750 ಮೀಟರ್. 25 ಮೀಟರ್ ಕೊಳದಲ್ಲಿ ಈ ತುದಿಯಿಂದ ಆ ತುದಿಗೆ 30 ಸಲ. ಗೆಳೆಯ ಈಗ 11ಕ್ಕೆ ಬಂದಿದ್ದಾನೆ.