ಹರಿದ ಕಾಗದದ ಜಾತ್ರೆ

ಸಂಕ್ರಾಂತಿ ದಿನ ಎಳ್ಳುಬೆಲ್ಲದ ಫೋಟೊ ಹಾಕೋದು ನನ್ನ ರೂಢಿ. ಈ ಸಲ ಫೋಟೊ ಇಲ್ಲ. ಅದೇ ದಿನ ಪಂಜಾಬಿನಲ್ಲಿ ನಡೆಯೋ ಒಂದು ಜಾತ್ರೆ ಬಗ್ಗೆ ಬರೆಯುತ್ತಿದ್ದೇನೆ. ಬಹಳ ದಿನದಿಂದ ತಲೆಯಲ್ಲಿತ್ತು. ಸ್ವಲ್ಪ ಉದ್ದ ಆಗುತ್ತೆ, ಪುರುಸೊತ್ತಿದ್ದಾಗ ಓದಿ.

ಕೆಲಸದ ಮೇಲೆ ಮೂರು ವರ್ಷ ಬಠಿಂಡಾದಲ್ಲಿದ್ದೆ. ಕೆಳಗೆ ಮನೆ ಮಾಲೀಕರು, ಮೇಲೆ ನಾನು. ಮಾಲೀಕರ ತಾಯಿಯನ್ನು ಎಲ್ಲರೂ ಬೀಜಿ ಅನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರು ನನ್ನನ್ನು ‘ಪುತ್ತರ್’ ಅನ್ನುತ್ತಿದ್ದರು. ಅಲ್ಲಿ ಹೆಣ್ಣುಮಕ್ಕಳಿಗೂ ಪುತ್ತರ್ ಅಂತಲೇ ಕರೀತಾರೆ. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನೆನಪಾಯಿತು, ನಮ್ಮಮ್ಮನೂ ನನಗೆ ‘ಯಾಕಪ್ಪಾ’ ಅಂತಾಳಲ್ಲ.

ಮನೆ ನೋಡೋಕೆ ಹೋದ ದಿನ ಊರು ಯಾವುದು ಅಂತ ಕೇಳಿದರು. ಬೀದರ್ ಅಂದೆ. ಬೀಜಿ ಕುರ್ಚಿಯಿಂದ ಎದ್ದು ನಿಂತರು. ‘ಭಾಯಿ ಸಾಹಿಬ್ ಸಿಂಗರ ಬೀದರಾ?’ ಅಂದರು. 1699ರಲ್ಲಿ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋಬಿಂದ್ ಸಿಂಗರು ಯಾರು ತಲೆ ಕೊಡ್ತೀರಿ ಅಂತ ಕೇಳಿದಾಗ ಎದ್ದು ಬಂದ ಐದು ಜನರಲ್ಲಿ ಒಬ್ಬರು ನಮ್ಮ ಬೀದರಿನವರು, ಕ್ಷೌರಿಕರ ಮನೆತನದವರು. ನನಗೆ ಇದು ಶಾಲೆಯಲ್ಲಿ ಓದಿದ ನೆನಪು ಅಷ್ಟೆ. ಬೀಜಿಗೆ ಅದು ದಿನಾ ಪ್ರಾರ್ಥನೆಯಲ್ಲಿ ನೆನೆಯೋ ಐವರಲ್ಲಿ ಒಬ್ಬರ ಊರು. ನನ್ನ ಎರಡೂ ಕೈ ಹಿಡಿದುಕೊಂಡರು. ಬಾಡಿಗೆ ಮಾತ್ರ ಒಂದು ರೂಪಾಯಿ ಕಮ್ಮಿ ಮಾಡಲಿಲ್ಲ.

ಜನವರಿ 13ಕ್ಕೆ ಲೋಹ್ರಿ. ಬೀದಿಯಲ್ಲಿ ಬೆಂಕಿ ಹಾಕಿ, ಸುತ್ತ ಕೂತು ಶೇಂಗಾ, ರೇವಡಿ ತಿನ್ನೋದು. ಆ ರಾತ್ರಿ ಬೀಜಿ ಕಬ್ಬಿನ ಹಾಲಿನಲ್ಲಿ ಅಕ್ಕಿ ಬೇಯಿಸಿ ಖೀರು ಮಾಡಿ ಮುಚ್ಚಿಟ್ಟರು. ತಿನ್ನೋಕೆ ಕೊಡಲಿಲ್ಲ. ‘ಪೋಹ್ ರಿದ್ಧೀ, ಮಾಘ್ ಖಾಧೀ’ ಅಂತ ಅಲ್ಲೊಂದು ಮಾತಿದೆ. ಪುಷ್ಯದಲ್ಲಿ ಬೇಯಿಸಿದ್ದು, ಮಾಘದಲ್ಲಿ ತಿಂದದ್ದು ಅಂತ. ಅವರ ತಿಂಗಳು ಸೂರ್ಯನ ಲೆಕ್ಕದ್ದು. ಹಾಗಾಗಿ ಸಂಕ್ರಾಂತಿ ದಿನವೇ ಮಾಘ ಶುರು. ಆ ದಿನದ ಹೆಸರು ಮಾಘಿ. ಬೆಳಿಗ್ಗೆ ಆ ಖೀರು ಗಟ್ಟಿಯಾಗಿ, ತಣ್ಣಗೆ ಕೊರೆಯುತ್ತಿತ್ತು. ಅದರ ಮೇಲೆ ಮೊಸರು ಹಾಕ್ಕೊಂಡು ತಿಂದ ರುಚಿ ಇನ್ನೂ ನಾಲಿಗೆ ಮೇಲಿದೆ.

ಮಾಘಿ ದಿನ ಶ್ರೀ ಮುಕ್ತಸರ ಸಾಹಿಬ್‌ನಲ್ಲಿ ಮೇಳ. ಬಠಿಂಡಾದಿಂದ ಐವತ್ತು ಚಿಲ್ಲರೆ ಕಿಲೋಮೀಟರ್. ಬೀಜಿಯ ತವರೂರಿನ ಟ್ರ್ಯಾಕ್ಟರ್ ಟ್ರಾಲಿಯಲ್ಲಿ ನನಗೂ ಒಂದು ಜಾಗ ಸಿಕ್ಕಿತು. ಕೆಳಗೆ ಭತ್ತದ ಹುಲ್ಲು, ಮೇಲೆ ತಾಡಪತ್ರಿ, ನಾಲ್ಕು ಜನಕ್ಕೊಂದು ರಜಾಯಿ. ನಸುಕಿನ ಮಂಜಿನಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಬಿಟ್ಟರೆ ಏನೂ ಕಾಣದು. ಎರಡು ಮೂರು ಮೈಲಿಗೊಂದು ಕಡೆ ಹುಡುಗರು ರಸ್ತೆಗೆ ಅಡ್ಡ ನಿಂತು ಗಾಡಿ ತಡೆಯುತ್ತಿದ್ದರು. ಲಂಗರ್, ಅಂದ್ರೆ ಬಂದವರಿಗೆಲ್ಲ ಪುಕ್ಕಟೆ ಊಟ, ಚಹಾ. ಚಹಾ ಕುಡಿಯದೆ ಮುಂದೆ ಬಿಡೋದೇ ಇಲ್ಲ. ಐದನೇ ಲೋಟಕ್ಕೆ ನಾನು ಕೈ ಮುಗಿದೆ. ಕೈ ಮುಗಿದರೂ ಒಂದು ಪಕೋಡಾ ಕೊಟ್ಟೇ ಬಿಟ್ಟರು.

ಈಗ ಕಥೆ. ಕಾಲ 1704-05. ಆನಂದಪುರಕ್ಕೆ ಮೊಘಲರು ಮತ್ತು ಬೆಟ್ಟದ ರಾಜರ ಮುತ್ತಿಗೆ. ತಿಂಗಳುಗಟ್ಟಲೆ ನಡೆಯಿತು. ಒಳಗೆ ಅನ್ನವಿಲ್ಲ. ಪಂಜಾಬಿನ ಮಾಝಾ ಪ್ರದೇಶದ ಕೆಲವು ಸಿಖ್ಖರಿಗೆ ಸಾಕಾಯಿತು. ಮನೆಗೆ ಹೋಗ್ತೀವಿ ಅಂದರು. ಹೋಗಿ, ಆದರೆ ಬರೆದುಕೊಟ್ಟು ಹೋಗಿ ಅಂದರು ಗುರು. ಬರೆದುಕೊಟ್ಟರು: ನೀವು ನಮ್ಮ ಗುರುವಲ್ಲ, ನಾವು ನಿಮ್ಮ ಸಿಖ್ಖರಲ್ಲ. ಆ ಕಾಗದಕ್ಕೆ ‘ಬೇದಾವಾ’ ಅಂತಾರೆ. ನಮಗೂ ಗೊತ್ತಿರೋ ಪದವೇ. ಕೋರ್ಟಿನಲ್ಲಿ ಹಾಕ್ತೀವಲ್ಲ ದಾವೆ, ಅದೇ. ದಾವೆ ಇಲ್ಲ, ಹಕ್ಕಿಲ್ಲ, ಸಂಬಂಧ ಇಲ್ಲ.

ಊರಿಗೆ ಹೋದವರನ್ನು ಹೆಂಗಸರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರಂತೆ. ಅವರಲ್ಲಿ ಝಬಾಲ್ ಹಳ್ಳಿಯ ಮಾಯಿ ಭಾಗೋ ಒಬ್ಬಳು. ಸುಮ್ಮನೆ ಬೈದು ಕೂರಲಿಲ್ಲ. ಗಂಡು ವೇಷ ಹಾಕಿ, ಕುದುರೆ ಹತ್ತಿ, ನಡೀರಿ ಅಂತ ಹೊರಟೇಬಿಟ್ಟಳು. ನಲವತ್ತು ಜನ ಹಿಂದೆ ಹೋದರು. ಮಹಾಂ ಸಿಂಗ್ ಅವರ ಮುಂದಾಳು.

ಅಷ್ಟರಲ್ಲಿ ಗುರು ಎಲ್ಲ ಕಳೆದುಕೊಂಡಿದ್ದರು. ಚಮಕೌರ್‌ನಲ್ಲಿ ದೊಡ್ಡ ಮಕ್ಕಳಿಬ್ಬರು ಹೋದರು. ನಮ್ಮ ಬೀದರಿನ ಸಾಹಿಬ್ ಸಿಂಗರು ಸತ್ತದ್ದೂ ಅಲ್ಲೇ. ಸರಹಿಂದ್‌ನಲ್ಲಿ ಚಿಕ್ಕವರಿಬ್ಬರನ್ನು ಜೀವಂತ ಗೋಡೆಯಲ್ಲಿಟ್ಟು ಕಟ್ಟಿದರು. ತಾಯಿಯೂ ತೀರಿಕೊಂಡರು. ಸರಹಿಂದ್‌ನ ನವಾಬ ವಜೀರ್ ಖಾನನ ದಂಡು ಬೆನ್ನು ಹತ್ತಿತ್ತು. ಪಂಜಾಬಿನ ಮಾಳ್ವಾ ಸೀಮೆಯ ಒಣ ನೆಲದಲ್ಲಿ ಮಳೆನೀರು ನಿಲ್ಲೋ ಒಂದು ಹೊಂಡ ಇತ್ತು, ಖಿದ್ರಾಣಾ ಅಂತ. ಆ ನಲವತ್ತು ಜನ ಅಲ್ಲಿ ದಂಡನ್ನು ತಡೆದರು. ಜಾಸ್ತಿ ಜನ ಇದ್ದಂತೆ ಕಾಣಲಿ ಅಂತ ಹೊದಿಕೆಗಳನ್ನು ಪೊದೆಗಳ ಮೇಲೆ ಹರಡಿದ್ದರಂತೆ, ದೂರದಿಂದ ಡೇರೆ ಥರ ಕಾಣುತ್ತೆ. ಗುರು ದಿಬ್ಬದ ಮೇಲಿಂದ ಬಾಣ ಬಿಡುತ್ತಿದ್ದರು. ಕೊನೆಗೆ ನೀರಿಲ್ಲದೆ ದಂಡೇ ವಾಪಸ್ ಹೋಯಿತು.

ಗುರು ಕೆಳಗೆ ಇಳಿದು ಬಂದು ಒಬ್ಬೊಬ್ಬರ ಮುಖ ಒರೆಸಿದರಂತೆ. ಮಹಾಂ ಸಿಂಗನಿಗೆ ಇನ್ನೂ ಉಸಿರಿತ್ತು. ಏನು ಬೇಕು ಅಂತ ಕೇಳಿದರು. ಆ ಕಾಗದ ಹರಿದು ಹಾಕಿ ಅಂದ.

ಕಾಗದ ಗುರುವಿನ ಹತ್ತಿರವೇ ಇತ್ತು!

ನನ್ನನ್ನು ಹಿಡಿದು ನಿಲ್ಲಿಸೋದು ಇದೇ ಜಾಗ. ಮನೆ ಹೋಯಿತು, ಕೋಟೆ ಹೋಯಿತು, ನಾಲ್ಕು ಮಕ್ಕಳು ಹೋದರು. ನದಿ ದಾಟುವಾಗ ಸಾಮಾನು, ಗ್ರಂಥಗಳು ಎಲ್ಲ ನೀರು ಪಾಲಾದವು. ಈ ಒಂದು ಕಾಗದ ಮಾತ್ರ ಮೈಮೇಲೆ ಉಳಿದಿತ್ತು. ಯಾಕೆ ಇಟ್ಟುಕೊಂಡಿದ್ದರು? ಸಿಟ್ಟಿಗೆ ಅಂತ ನನಗೆ ಅನ್ನಿಸಲ್ಲ. ಬರುತ್ತಾರೆ, ಬಂದಾಗ ಹರಿಯೋಕೆ ಕಾಗದ ಬೇಕಲ್ಲ ಅಂತ ಇಟ್ಟುಕೊಂಡಿರಬೇಕು. ಇತಿಹಾಸಕಾರರು ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಂಬಿಕೆ ಅಂತ ಚರ್ಚೆ ಮಾಡುತ್ತಾರೆ, ಮಾಡಲಿ. ಆ ನಲವತ್ತು ಜನ ಮುಕ್ತರಾದರು. ಖಿದ್ರಾಣಾ ಮುಕ್ತಸರ ಆಯಿತು. ಸಿಖ್ಖರ ದಿನದ ಅರ್ದಾಸ್ ಪ್ರಾರ್ಥನೆಯಲ್ಲಿ ಐವರು ಪ್ಯಾರೆಗಳು (ತಲೆ ಕೊಡೋಕೆ ಎದ್ದು ಬಂದ ಆ ಐದು ಜನ), ಗುರುವಿನ ನಾಲ್ಕು ಮಕ್ಕಳು, ಅದರ ಬೆನ್ನಿಗೇ ನಲವತ್ತು ಮುಕ್ತರು. ಬಿಟ್ಟು ಓಡಿದವರ ಹೆಸರು, ಸತ್ತ ಮಕ್ಕಳ ಹೆಸರಿನ ಪಕ್ಕದಲ್ಲೇ.

ಗೆದ್ದವರಿಗೆ ಜಾತ್ರೆ ಮಾಡೋದು ಎಲ್ಲ ಕಡೆ ಇದೆ. ಬಿಟ್ಟು ಹೋಗಿ ತಿರುಗಿ ಬಂದವರಿಗೆ ಜಾತ್ರೆ ಮಾಡೋ ಊರನ್ನು ನಾನು ಇದೊಂದೇ ನೋಡಿದ್ದು.

ಸರೋವರದ ದಂಡೆಯಲ್ಲಿರೋ ಗುರುದ್ವಾರದ ಹೆಸರೇ ‘ಟುಟ್ಟಿ ಗಂಢಿ ಸಾಹಿಬ್’. ಟುಟ್ಟಿ ಅಂದ್ರೆ ಕಡಿದದ್ದು, ಗಂಢಿ ಅಂದ್ರೆ ಗಂಟು ಹಾಕಿದ್ದು. ಕಡಿದ ಹಗ್ಗಕ್ಕೆ ಗಂಟು ಬಿದ್ದ ಜಾಗ. ಸುತ್ತ ಇನ್ನೂ ಗುರುದ್ವಾರಗಳಿವೆ. ಡೇರೆ ಇದ್ದ ಕಡೆ ತಂಬೂ ಸಾಹಿಬ್, ಚಿತೆ ಉರಿದ ಕಡೆ ಶಹೀದ್ ಗಂಜ್, ದಿಬ್ಬದ ಮೇಲೆ ಟಿಬ್ಬಿ ಸಾಹಿಬ್. 2005ರಲ್ಲಿ ಮುನ್ನೂರು ವರ್ಷ ತುಂಬಿದ ನೆನಪಿಗೆ ಒಂದು ಮಿನಾರ್ ಎಬ್ಬಿಸಿದ್ದಾರೆ, ಅದಕ್ಕೆ ನಲವತ್ತು ಬಳೆ.

ಇನ್ನೊಂದು ಮಜಾ ಇದೆ. ಕಾಳಗ ನಡೆದದ್ದು ಚಳಿಗಾಲದಲ್ಲೇ ಅಲ್ಲ, ವೈಶಾಖದ ಬಿಸಿಲಲ್ಲಿ ಅನ್ನೋರಿದ್ದಾರೆ. ಬೇಸಿಗೆಯಲ್ಲಿ ಇಷ್ಟು ಜನಕ್ಕೆ ಆ ಊರಲ್ಲಿ ನೀರು ಎಲ್ಲಿಂದ ತರೋದು? ಅದಕ್ಕೇ ಮೇಳವನ್ನು ಮಾಘಿಗೆ ತಂದರು ಅಂತ ಅವರ ವಾದ. ನನಗೆ ಇದು ಹಿಡಿಸಿತು. ನೀರಿಗಾಗಿ ನಡೆದ ಕಾಳಗದ ನೆನಪನ್ನು ನೀರಿಗಾಗಿಯೇ ಮುಂದಕ್ಕೆ ಹಾಕೋದು ರೈತರಿಗೆ ಮಾತ್ರ ಹೊಳೆಯೋ ಉಪಾಯ.

ಜಾತ್ರೆಯ ಉಳಿದ ಭಾಗ ನಿಮಗೆ ಗೊತ್ತಿರೋದೇ. ತೊಟ್ಟಿಲು, ಜಿಲೇಬಿ, ಮೌತ್ ಕಾ ಕುವಾ, ಕಳೆದುಹೋದ ಮಕ್ಕಳ ಮೈಕ್. ಕುದುರೆ ಸಂತೆ ಮಾತ್ರ ನೋಡಲೇಬೇಕು. ಹಾಲಿನಂಥ ಬಿಳಿ ನುಕ್ರಾ, ಕಿವಿ ತುದಿ ಒಂದಕ್ಕೊಂದು ತಾಗೋ ಮಾರ್ವಾಡಿ. ಮರುದಿನ ನೀಲಿ ಬಟ್ಟೆಯ ಸಿಖ್ ಯೋಧರು, ನಿಹಾಂಗರು, ಕುದುರೆ ಓಡಿಸಿ, ಗತ್ಕಾ ಅನ್ನೋ ಕತ್ತಿ ಕೋಲಿನ ವರಸೆ ಆಡಿ ಮೇಳ ಮುಗಿಸುತ್ತಾರೆ. ರಾಜಕೀಯ ಪಕ್ಷಗಳ ಸಭೆಗಳೂ ಇಲ್ಲಿ ಹಳೇ ಪದ್ಧತಿ. ಎದುರುಬದುರು ಪೆಂಡಾಲ್, ಒಬ್ಬರ ಮೈಕ್ ಇನ್ನೊಬ್ಬರ ಕಿವಿಗೆ. ಪಕ್ಷ ಬಿಟ್ಟು ಹೋದವರು, ವಾಪಸ್ ಬಂದವರು ಆ ವೇದಿಕೆಗಳ ಮೇಲೂ ಇರುತ್ತಾರೆ ಬಿಡಿ. ಅವರು ಮಾತ್ರ ಯಾವ ಮುಕ್ತರೂ ಅಲ್ಲ.

ಈಗ ನನಗೆ ಹಿಡಿಸದ ಒಂದು ವಿಷಯ. ಬರೆಯೋದೋ ಬೇಡವೋ ಅಂತ ಯೋಚಿಸಿದೆ.

ಬೆಳಿಗ್ಗೆ ಬೀಜಿ ಜೋಡಾ ಘರ್‌ನಲ್ಲಿ ಕೂತಿದ್ದರು. ಚಪ್ಪಲಿ ಬಿಡೋ ಜಾಗ ಅದು. ಬಂದವರ ಚಪ್ಪಲಿ, ಬೂಟು ಕೈಯಲ್ಲಿ ತೆಗೆದುಕೊಂಡು, ಕೆಸರು ಒರೆಸಿ, ಗೂಡಿನಲ್ಲಿಟ್ಟು ಟೋಕನ್ ಕೊಡೋದು. ಕಾಲು ನೋವಿನ ಬೀಜಿ ಎರಡು ಗಂಟೆ ಆ ಸೇವೆ ಮಾಡಿದರು. ತಮ್ಮ ದುಪಟ್ಟಾ ತುದಿಯಿಂದ ಯಾರದೋ ಹರಿದ ಕ್ಯಾನ್ವಾಸ್ ಶೂ ಒರೆಸೋದನ್ನು ಕಣ್ಣಾರೆ ನೋಡಿದೆ.

ಮಧ್ಯಾಹ್ನ ದಾತನ್‌ಸರ್ ಕಡೆ ಹೋದೆವು. ದಾತನ್ ಅಂದ್ರೆ ಹಲ್ಲುಜ್ಜೋ ಕಡ್ಡಿ. ಗುರು ಹಲ್ಲುಜ್ಜುತ್ತಿದ್ದಾಗ ನೂರ್ ದೀನ್ ಅನ್ನೋನು ವೇಷ ಮರೆಸಿಕೊಂಡು ಹಿಂದಿನಿಂದ ಕತ್ತಿ ಬೀಸಿದನಂತೆ. ಗುರು ತಪ್ಪಿಸಿಕೊಂಡು ಕೈಯಲ್ಲಿದ್ದ ನೀರಿನ ಪಾತ್ರೆಯಿಂದ ಹೊಡೆದರು, ಅವನು ಅಲ್ಲೇ ಸತ್ತ. ಅವನ ಗೋರಿ ಅಂತ ಒಂದಿದೆ. ಮಾಘಿಗೆ ಬಂದವರು ಅದಕ್ಕೆ ಚಪ್ಪಲಿಯಲ್ಲಿ ಹೊಡೆದು ಹೋಗೋದು ಪದ್ಧತಿ. ಬೀಜಿಯೂ ಚಪ್ಪಲಿ ಕಳಚಿ ಐದು ಏಟು ಹಾಕಿದರು. ಮುಖದಲ್ಲಿ ಸಿಟ್ಟೂ ಇರಲಿಲ್ಲ. ನಾವು ದೃಷ್ಟಿ ತೆಗೆದು ನೆಲಕ್ಕೆ ಬಡೀತೀವಲ್ಲ, ಹಾಗೆ. ಮಕ್ಕಳು ನಗುತ್ತಾ ಹೊಡೆಯುತ್ತಿದ್ದರು.

ವಾಪಸ್ ಬರುವಾಗ ಟ್ರಾಲಿಯಲ್ಲಿ ಕೇಳಿಯೇಬಿಟ್ಟೆ. ‘ಬೀಜಿ, ಅಲ್ಲಿ ಅಷ್ಟು ದೊಡ್ಡ ಕಾಗದ ಹರಿದರು. ಇವನ ಕಾಗದ ಯಾರು ಹರೀತಾರೆ?’

ಬೀಜಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, ‘ಅವರು ತಿರುಗಿ ಬಂದರು ಪುತ್ತರ್. ಇವನು ಎಲ್ಲಿ ಬಂದ?’

ಉತ್ತರ ಸರಿಯಾಗಿಯೇ ಇದೆ, ಒಪ್ಪುತ್ತೇನೆ. ಆದರೂ ಮುನ್ನೂರು ವರ್ಷದ ಹಿಂದೆ ಸತ್ತವನು ಎಲ್ಲಿಂದ ತಿರುಗಿ ಬರಬೇಕು? ಅವನ ಪರವಾಗಿ ಮಾತಾಡೋ ಮಾಯಿ ಭಾಗೋ ಕೂಡ ಇಲ್ಲ. ಗುರು ಅವನಿಗೆ ಕೊಟ್ಟದ್ದು ಒಂದೇ ಏಟು, ಅದೂ ಜೀವ ಉಳಿಸಿಕೊಳ್ಳೋಕೆ. ಉಳಿದದ್ದೆಲ್ಲ ನಮ್ಮ ಜಮಾ. ನಮ್ಮ ಕಡೆಯ ಜಾತ್ರೆಗಳಲ್ಲಿ ಇಂಥದ್ದಿಲ್ಲ ಅಂತ ನಾನು ಹೇಳಲಾರೆ, ಹಾಗಾಗಿ ಪಂಜಾಬಿನವರಿಗೆ ಬುದ್ಧಿ ಹೇಳೋ ಅಧಿಕಾರ ನನಗಿಲ್ಲ. ನನ್ನ ಚಪ್ಪಲಿ ಕಾಲಲ್ಲೇ ಇತ್ತು, ಅಷ್ಟು ಹೇಳಬಲ್ಲೆ.

ನಮ್ಮ ಮನೆಯಲ್ಲೂ ಒಂದು ಬೇದಾವಾ ಇದೆ. ಕಾಕಾ ಹೊಲದ ಜಗಳದಲ್ಲಿ ಹಕ್ಕುಬಿಡುಗಡೆ ಪತ್ರ ಬರೆದುಕೊಟ್ಟು ಮನೆ ಬಿಟ್ಟರು. ಅಪ್ಪ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಟ್ರಂಕಿನ ತಳದಲ್ಲಿ ಇಟ್ಟಿದ್ದಾರೆ. ಯಾಕೆ ಇಟ್ಟಿದ್ದಾರೆ ಅಂತ ನಾನು ಯಾವತ್ತೂ ಕೇಳಿಲ್ಲ. ಕಾಗದ ಪತ್ರ ಜೋಪಾನ ಮಾಡೋ ಸ್ವಭಾವ ಅಂತ ಅಂದುಕೊಂಡಿದ್ದೆ.

ಮಾಯಿ ಭಾಗೋ ಆಮೇಲೆ ಏನಾದಳು ಅಂತ ಹೇಳಲೇ ಇಲ್ಲ. ಆ ನಲವತ್ತು ಜನರ ಜೊತೆ ಅವಳು ಸಾಯಲಿಲ್ಲ. ಗಾಯ ವಾಸಿಯಾದ ಮೇಲೆ ಗುರುವಿನ ಅಂಗರಕ್ಷಕಿಯಾಗಿ, ಗಂಡು ಉಡುಪಿನಲ್ಲೇ ಉಳಿದಳು. ಗುರು ದಕ್ಷಿಣಕ್ಕೆ ಹೊರಟಾಗ ಜೊತೆಗೆ ಬಂದಳು. 1708ರಲ್ಲಿ ನಾಂದೇಡಿನಲ್ಲಿ ಗುರು ತೀರಿಕೊಂಡರು. ಅಲ್ಲಿಂದ ಅವಳು ಪಂಜಾಬಿಗೆ ವಾಪಸ್ ಹೋಗಲಿಲ್ಲ. ಇನ್ನೂ ಕೆಳಗೆ ಇಳಿದು ಬಂದು ಜನವಾಡಾದಲ್ಲಿ ನೆಲೆಸಿದಳು. ಬೀದರಿನಿಂದ ಔರಾದ್ ಕಡೆ ಹೋಗುವಾಗ ಸಿಗುತ್ತಲ್ಲ, ಅದೇ ಜನವಾಡಾ. ಮುದುಕಿಯಾಗಿ ಧ್ಯಾನ ಮಾಡಿಕೊಂಡು ಅಲ್ಲೇ ಕೊನೆಯುಸಿರು ಬಿಟ್ಟಳು. ಅವಳ ಹೆಸರಿನ ಗುರುದ್ವಾರ ಅಲ್ಲಿದೆ.

ಇದನ್ನು ನನಗೆ ಹೇಳಿದ್ದು ಬೀಜಿ, ಮುಕ್ತಸರದ ಟ್ರಾಲಿಯಲ್ಲಿ ಕೂತು. ‘ನಿಮ್ಮೂರಿನ ಮಗ ನಮ್ಮಲ್ಲಿ ಮಲಗಿದ್ದಾನೆ, ನಮ್ಮೂರಿನ ಮಗಳು ನಿಮ್ಮಲ್ಲಿ’ ಅಂದರು. ‘ಹೋಗಿ ಬರ್ತಿರ್ತೀಯಾ ಅಲ್ವಾ?’ ಅಂತ ಕೇಳಿದರು. ನಾನು ಹೂಂ ಅಂದೆ. ಸುಳ್ಳು. ಬೀದರಿನವರಿಗೆ ಊರಿನ ದೊಡ್ಡ ಗುರುದ್ವಾರ ಝೀರಾ ಸಾಹಿಬ್ ಗೊತ್ತು. ಶಾಲೆಯಿಂದ ಕರೆದುಕೊಂಡು ಹೋಗ್ತಾರೆ, ನೀರು ಕುಡೀತೀವಿ, ಲಂಗರಿನಲ್ಲಿ ಊಟ ಮಾಡ್ತೀವಿ. ಜನವಾಡಾ ನಮಗೆ ಬಸ್ಸಿನ ಒಂದು ಸ್ಟಾಪ್. ಅಜ್ಜಿ ಮನೆಗೆ ಹೋಗುವಾಗ ಆ ದಾರಿಯಲ್ಲಿ ಎಷ್ಟು ಸಲ ಹೋಗಿಲ್ಲ ನಾನು! ಒಮ್ಮೆಯೂ ಇಳಿದಿರಲಿಲ್ಲ.

ವರ್ಗ ಆಗಿ ಊರಿಗೆ ಬಂದ ಮೇಲೆ ಮೊದಲ ಸಂಕ್ರಾಂತಿಗೆ ಹೋದೆ. ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ ಡಬ್ಬಿಗೆ ತುಂಬಿಕೊಂಡು, ಅಪ್ಪನನ್ನು ಸ್ಕೂಟರ್ ಹಿಂದೆ ಕೂರಿಸಿಕೊಂಡು. ಮುಕ್ತಸರದ ಗದ್ದಲದ ಒಂದು ಚೂರೂ ಅಲ್ಲಿರಲಿಲ್ಲ. ಗುರುದ್ವಾರದ ಬಾವುಟ, ನಿಶಾನ್ ಸಾಹಿಬ್, ಗಾಳಿಗೆ ಪಟಪಟ ಅನ್ನುತ್ತಿತ್ತು. ಒಬ್ಬ ವಯಸ್ಸಾದ ಸೇವಾದಾರರು ಅಂಗಳಕ್ಕೆ ನೀರು ಹಾಕುತ್ತಿದ್ದರು. ನಮ್ಮನ್ನು ನೋಡಿ ಹಿಂದಿಯಲ್ಲಿ ಎಲ್ಲಿಂದ ಬಂದಿರಿ ಅಂದರು. ಬೀದರ್ ಅಂದೆ, ಇಲ್ಲೇ.

‘ಇಲ್ಲೇ ಇದ್ದು ಈಗ ಬಂದ್ರೇನು?’ ಅಂತ ಅಚ್ಚ ಬೀದರ್ ಕನ್ನಡದಲ್ಲಿ ಕೇಳಿದರು. ನಾನು ಏನಾದರೂ ನೆಪ ಹೇಳೋ ಮೊದಲೇ ಪೈಪ್ ಕೆಳಗಿಟ್ಟು ಒಳಗೆ ನಡೆದರು. ‘ಬರ್ರಿ, ಚಾ ಆಗ್ಯಾದ.’

ಅಪ್ಪ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಬಿಡುತ್ತಿದ್ದರು. ಸೇವಾದಾರರು ತಿರುಗಿ ಬಂದು ಆ ಚಪ್ಪಲಿ ಎತ್ತಿ ಗೂಡಿನಲ್ಲಿ ಇಟ್ಟರು.