ವಿಭಜಕದ ತಿರುವು ಮುಚ್ಚುವ ಮುನ್ನ ಸಿಮ್ಯುಲೇಷನ್ ಕಡ್ಡಾಯವಾಗಬೇಕೇ?

ಪರ

ಹೆದ್ದಾರಿಗೆ ಅಡ್ಡರಸ್ತೆ ಸೇರುವ ಕಡೆ ವಿಭಜಕದಲ್ಲಿ ಬಿಟ್ಟಿರುವ ತಿರುವನ್ನು ಮುಚ್ಚಬೇಕೇ, ಬೇಡವೇ? ನಮ್ಮಲ್ಲಿ ಇದನ್ನು ರಸ್ತೆಯ ಮೇಲೆಯೇ ಪ್ರಯೋಗಿಸಿ ನೋಡುತ್ತಾರೆ. ರಾತ್ರೋರಾತ್ರಿ ಬ್ಯಾರಿಕೇಡ್ ಬರುತ್ತದೆ, ಗಲಾಟೆಯಾದ ಮೇಲೆ ಹೋಗುತ್ತದೆ. ಸಿಮ್ಯುಲೇಷನ್‌ನಿಂದ, ಅಂದರೆ ಗಾಡಿಗಳ ಓಡಾಟವನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ಮುಗಿಸಬಹುದಾದ ಪರೀಕ್ಷೆಗೆ ಜನರನ್ನು ಒಡ್ಡುವುದು ಅನ್ಯಾಯ.

ಮೂರು ದಾರಿ ಕೂಡುವ ಕಡೆ ವಾಹನಗಳ ಹಾದಿಗಳು ಅಡ್ಡಹಾಯುವ, ಸೇರುವ ಇಲ್ಲವೇ ಕವಲೊಡೆಯುವ ಬಿಂದುಗಳು 9. ತಿರುವು ಮುಚ್ಚಿ, ಎಡಕ್ಕೆ ಒಳಬಂದು ಎಡಕ್ಕೇ ಹೊರಹೋಗಲು ಬಿಟ್ಟರೆ ಅವು 2ಕ್ಕೆ ಇಳಿಯುತ್ತವೆ. ಆದರೆ ಬಲಕ್ಕೆ ಹೋಗಬೇಕಾದವರು ಎಲ್ಲಿ ಹೋಗಬೇಕು? ಮುಂದಿನ ಯೂ-ಟರ್ನ್ ಹಿಡಿಯಲು ಎಡ ಅಂಚಿನಿಂದ ಬಲ ಅಂಚಿಗೆ ಎಲ್ಲ ಲೇನ್‌ಗಳನ್ನೂ ಹಾಯಬೇಕು. ಯೂ-ಟರ್ನ್ ತೀರ ಹತ್ತಿರವಿದ್ದರೆ ಡಿಕ್ಕಿ. ಅಲ್ಲಿ ಸರದಿ ಬೆಳೆದರೆ ವೇಗದ ಲೇನ್ ಕಟ್ಟಿಕೊಳ್ಳುತ್ತದೆ. ಸ್ಥಳದಲ್ಲಿ ಎಣಿಸಿದ ವಾಹನಗಳು, ಅಳೆದ ಸರದಿ ಇವುಗಳೊಂದಿಗೆ ತಾಳೆ ನೋಡಿದ ಮಾದರಿಯನ್ನು ವಿಸಿಮ್ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲೋ ಉಚಿತವಾಗಿ ಸಿಗುವ ಸುಮೋ ತಂತ್ರಾಂಶದಲ್ಲೋ ಓಡಿಸಿದರೆ ಸರಿಯಾದ ಅಂತರ ತಿಳಿಯುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಿಂದ 2023ರ ಆಗಸ್ಟ್ 1ರಿಂದ ಬೈಕ್, ಆಟೊಗಳನ್ನು ಹೊರಗಿಟ್ಟರು; ಅವು ಪಕ್ಕದ ಸರ್ವಿಸ್ ರಸ್ತೆ ಹಿಡಿಯಬೇಕಾಯಿತು. ಅಂಥ ಹೊರೆಯನ್ನು ಸರ್ವಿಸ್ ರಸ್ತೆ ತಾಳುತ್ತದೆಯೇ ಎಂಬುದನ್ನು ಅಂದಾಜಿಗೆ ಬಿಡಲಾಗದು.

ವಿಸಿಮ್ ಬಳಸುವ, ಮುಂದಿನ ಗಾಡಿಗೆ ಚಾಲಕ ಹೇಗೆ ಸ್ಪಂದಿಸುತ್ತಾನೆಂದು ಲೆಕ್ಕಹಾಕುವ, 1974ರಲ್ಲಿ ಜರ್ಮನಿಯ ವೀಡೆಮಾನ್ ರೂಪಿಸಿದ ಚಾಲಕ ಮಾದರಿ ನಮಗೆ ಒಗ್ಗದು ಎಂಬ ತಕರಾರು ಹಳೆಯದು. ಲೇನ್ ಲೆಕ್ಕಿಸದೆ ನುಗ್ಗುವ ಬೈಕುಗಳಿಗೂ ಅದನ್ನು ಹೊಂದಿಸಬಹುದು. ಹೊಂದಿಸದೆ ಬಳಸಿದರೆ ತಪ್ಪು ಬಳಸಿದವರದು. ರಸ್ತೆಯ ಮೇಲಿನ ಪ್ರಯೋಗ ಮಾತ್ರ ನಿಲ್ಲಲೇಬೇಕು.

ವಿರೋಧ

ಸಿಮ್ಯುಲೇಷನ್ ಬೇಡವೇ ಬೇಡ ಎಂದು ನಾನು ಹೇಳಲಾರೆ. ಕಡ್ಡಾಯ ಮಾಡುವುದನ್ನಷ್ಟೇ ವಿರೋಧಿಸುತ್ತೇನೆ. ಕಡ್ಡಾಯವಾದರೆ ಅದು ಕಡತಕ್ಕೆ ಲಗತ್ತಿಸುವ ಇನ್ನೊಂದು ಹಾಳೆಯಾಗುತ್ತದೆ, ಗಾಡಿಗಳ ವಿಳಂಬ ಕಡಿಮೆಯಾದರೆ ಎಲ್ಲವೂ ಸರಿಯೆಂದು ಸಹಿ ಬೀಳುತ್ತದೆ.

ನಮ್ಮೂರಿನಲ್ಲಿ ಮನೆಗಳು ಹೆದ್ದಾರಿಯ ಒಂದು ಬದಿಗೆ, ಹಾಲಿನ ಡೇರಿ ಇನ್ನೊಂದು ಬದಿಗೆ. ತಿರುವು ಮುಚ್ಚಿದ ಮೇಲೆ ಬೈಕಿನವರು ಯೂ-ಟರ್ನ್‌ವರೆಗೆ ಹೋಗಲಿಲ್ಲ, ಎದುರು ದಿಕ್ಕಿನಲ್ಲೇ ನುಗ್ಗತೊಡಗಿದರು. ನನ್ನ ಚಿಕ್ಕಮ್ಮ ಬೆಳಿಗ್ಗೆ, ಸಂಜೆ ಹಾಲಿನ ಕ್ಯಾನ್ ಹಿಡಿದು ವಿಭಜಕ ಹತ್ತಿ ಇಳಿಯುತ್ತಿದ್ದರು. ಮಂಜು ಬಿದ್ದ ದಿನಗಳಲ್ಲಿ ಲಾರಿ ಎಷ್ಟು ದೂರವಿದೆ ಎಂದೇ ತಿಳಿಯುತ್ತಿರಲಿಲ್ಲ. ಒಮ್ಮೆ ಕಾಲು ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡರು. ಹಾಲು ಕರೆಯಲಾಗದೆ ಹಸುವನ್ನೇ ಮಾರಬೇಕಾಯಿತು.

ಊರಿನವರನ್ನು ಕೂರಿಸಿಕೊಂಡು ಕೇಳಿದ್ದರೆ ಡೇರಿಯ ಮಾತೇ ಮೊದಲು ಬರುತ್ತಿತ್ತು. ಯಾರಾದರೂ ಹೇಳಿ ಸೇರಿಸದ ಹೊರತು ಅಂಥ ಹಾದಿ ಯಾವ ಮಾದರಿಯಲ್ಲೂ ಇರುವುದಿಲ್ಲ. ಕಡ್ಡಾಯ ಮಾಡುವುದಾದರೆ ಮೊದಲು ಗ್ರಾಮಸಭೆಯನ್ನು ಮಾಡಲಿ, ನಡೆಯುವವರಿಗೊಂದು ಅಂಡರ್‌ಪಾಸ್ ಕಟ್ಟದೆ ತಿರುವು ಮುಚ್ಚಬಾರದೆಂದು ನಿಯಮ ಮಾಡಲಿ. ಆಮೇಲೆ ಕಂಪ್ಯೂಟರಿನಲ್ಲಿ ಬೇಕಾದಷ್ಟು ಗಾಡಿ ಓಡಿಸಿ ನೋಡಲಿ, ನನ್ನ ಆಕ್ಷೇಪವಿಲ್ಲ.