ಹಡಗಿನ ಪಟ್ಟಿಗಿಂತ ಮದುವೆ ದಾಖಲೆ ಮೇಲು

ಕೆನಡಾದ ಕ್ವಿಬೆಕ್‌ನಲ್ಲಿ ನೆಲೆಸಿದ ಫ್ರೆಂಚ್ ಪೂರ್ವಜರನ್ನು ಹಡಗಿನ ಪ್ರಯಾಣಿಕರ ಪಟ್ಟಿಯಿಂದಲೇ ಹುಡುಕಲು ತೊಡಗಿ ಎಂದು ವಂಶಾವಳಿ ಕುರಿತ ಲೇಖನವೊಂದರಲ್ಲಿ ಕೊಟ್ಟ ಸಲಹೆಗೆ ನನ್ನ ತಕರಾರಿದೆ. 17ನೇ ಶತಮಾನದ ಅಂಥ ಪಟ್ಟಿಗಳು ಉಳಿದಿರುವುದೇ ಕಡಿಮೆ. ಚರ್ಚಿನ ಮದುವೆ ದಾಖಲೆ ಹಿಡಿಯಿರಿ. ತಂದೆತಾಯಿಯ ಹೆಸರು, ಎಷ್ಟೋ ಸಲ ಫ್ರಾನ್ಸಿನ ಹುಟ್ಟೂರು ಕೂಡ ಅಲ್ಲೇ ಸಿಗುತ್ತದೆ. ಹೆಂಗಸರನ್ನು ತವರಿನ ಹೆಸರಿನಿಂದಲೇ ಬರೆದಿರುವುದು ದೊಡ್ಡ ಪುಣ್ಯ. 1663ರಿಂದ 1673ರವರೆಗೆ ಫ್ರಾನ್ಸಿನ ರಾಜನ ಖರ್ಚಿನಲ್ಲಿ ಬಂದ ಸುಮಾರು 800 ಹೆಣ್ಣುಮಕ್ಕಳ ಜಾಡು ಹಿಡಿಯಲು ಇದೇ ಆಸರೆ.

ಗಂಡಸರದೇ ಫಜೀತಿ! 1665ರಲ್ಲಿ ಬಂದಿಳಿದ ಸೈನಿಕರಲ್ಲಿ ಅನೇಕರಿಗೆ ಅಡ್ಡಹೆಸರು. ಒಬ್ಬ ಮಗ ಮನೆತನದ ಹೆಸರು ಉಳಿಸಿಕೊಂಡರೆ ಇನ್ನೊಬ್ಬ ಅಡ್ಡಹೆಸರನ್ನೇ ಹೊತ್ತು ಹೋದದ್ದುಂಟು. ನೋಟರಿ ಬರೆದ ಮದುವೆ ಕರಾರುಗಳನ್ನೂ ಬಿಡಬೇಡಿ. ವಧು ‘ಸಹಿ ಹಾಕಲು ಬಾರದು ಎಂದಳು’ ಎಂಬುದನ್ನೂ ಅವರು ನಮೂದಿಸಿರುತ್ತಾರೆ.